ಹಗ್ಗದ ಮೇಲಿನ ನೀಲಿ ನೈಟಿ

ಟಿಲ್ಡಾ ಪೀಕಾಕ್‌ಳ ಮನೆಯಲ್ಲಿ ಎಲ್ಲವೂ ಇತ್ತು, ಟಿಲ್ಡಾ ಪೀಕಾಕ್ ಒಬ್ಬಳನ್ನು ಬಿಟ್ಟು. ಒಲೆಯಲ್ಲಿ ಕೆಂಡವಿತ್ತು, ಮಂಚಕ್ಕೆ ಹಾಸಿಗೆ ಹಾಸಿತ್ತು, ಬಾಗಿಲ ಬಳಿ ತೊಳೆದಿಟ್ಟ ಹಾಲಿನ ಬಾಟಲಿಯಿತ್ತು. ಉಸಿರಾಡಲು ಆಗುತ್ತಿಲ್ಲವೆಂದು ಡಾಕ್ಟರನ್ನು ಕರೆಸಿದ್ದ ಎಪ್ಪತ್ತು ದಾಟಿದ ಹೆಂಗಸು ಮಾತ್ರ ಎಲ್ಲೂ ಇರಲಿಲ್ಲ.

ಆ ಮಾರ್ಚ್ ತಿಂಗಳ ಬುಧವಾರವನ್ನು ಹೆಸ್ಟರ್ ಲಂಬ್ ಸಾಯುವವರೆಗೂ ನೆನೆಯುತ್ತಿದ್ದಳು. ಆಗಿನ್ನೂ ಯಾರ್ಕ್‌ಷೈರ್‌ನ ಹಳ್ಳಿಗಳಲ್ಲಿ ಡಾಕ್ಟರು ಮನೆಗೇ ಬರುತ್ತಿದ್ದ ಕಾಲ. ಕೆಲ್ಡರ್‌ಬಿಯ ಡಾಕ್ಟರ್ ಆಗ್ನೆಸ್ ರಾತ್‌ಮೆಲ್ ಅವರಿಗೆ ಊರಿನ ಪ್ರತಿಯೊಬ್ಬರ ಕೆಮ್ಮಿನ ಸದ್ದೂ ಗೊತ್ತಿತ್ತು. ಅಂಥವರು ಅವತ್ತು ಬಾಗಿಲನ್ನೂ ತಟ್ಟದೆ ಹೆಸ್ಟರಳ ಅಡುಗೆಮನೆಗೆ ನುಗ್ಗಿ, "ನಿಮ್ಮ ಬಾಡಿಗೆದಾರ ಎಲ್ಲಿ?" ಎಂದು ಕೇಳಿದರು.

ಬಾಡಿಗೆದಾರರೆಂದರೆ ಎನಾಕ್ ಮೆಟ್ಕಾಫ್. ರೈಲ್ವೆ ಪೊಲೀಸಿನಲ್ಲಿ ಪತ್ತೇದಾರರಾಗಿದ್ದು ನಿವೃತ್ತಿಯಾದ ಮೇಲೆ ಹೆಸ್ಟರಳ ಮಹಡಿ ಕೋಣೆ ಹಿಡಿದಿದ್ದರು. ಊರಲ್ಲಿ ಕೋಳಿ ಕಳೆದರೂ ಕೊಡೆ ಕಳೆದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರು ಹೋದಲ್ಲೆಲ್ಲ ಹೆಸ್ಟರಳೂ ಹೋಗುತ್ತಿದ್ದಳು. ಯಾರೂ ಕರೆದಿರಲಿಲ್ಲ, ಯಾರಿಗೂ ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಅವತ್ತೂ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ಹೊರಟಳು.

ದಾರಿಯಲ್ಲಿ ಡಾಕ್ಟರಮ್ಮ ನಡೆದದ್ದನ್ನು ಹೇಳಿದರು. ಬೆಳಿಗ್ಗೆ ಕ್ಲಿನಿಕ್ಕಿಗೆ ಒಂದು ಫೋನ್ ಬಂದಿತ್ತು. ಹೆಂಗಸಿನ ದನಿ, ಗುರುತು ಸಿಗಲಿಲ್ಲ. ಟಿಲ್ಡಾಗೆ ಉಸಿರು ಸಿಗುತ್ತಿಲ್ಲ, ಮಧ್ಯಾಹ್ನ ಮನೆಗೆ ಬನ್ನಿ ಎಂದಷ್ಟೇ ಹೇಳಿ ಇಟ್ಟುಬಿಟ್ಟಿತ್ತು. ಡಾಕ್ಟರಮ್ಮ ಮಧ್ಯಾಹ್ನದವರೆಗೆ ಕಾಯಲಿಲ್ಲ. ಕಾದು ಕೂತಿದ್ದ ರೋಗಿಗಳನ್ನು ಅಲ್ಲೇ ಬಿಟ್ಟು ಓಡಿದ್ದರು.

"ಮಧ್ಯಾಹ್ನ ಬನ್ನಿ ಅಂದ್ಲಾ?" ಮೆಟ್ಕಾಫ್ ಕೇಳಿದರು.

"ಹೌದು. ಯಾಕೆ?"

ಮೆಟ್ಕಾಫ್ ಉತ್ತರ ಕೊಡಲಿಲ್ಲ. ಅದು ಅವರ ಕೆಟ್ಟ ಚಾಳಿ, ಹೆಸ್ಟರಳಿಗೆ ಅಭ್ಯಾಸವಾಗಿತ್ತು.

ಮನೆಯ ಮುಂದೆ ಕಾನ್‌ಸ್ಟೇಬಲ್ ಡೆಂಟ್ ಆಗಲೇ ಕೇಸನ್ನು ಮುಗಿಸಿ ನಿಂತಿದ್ದ. ಪಕ್ಕದ ಮನೆಯ ಏಮೋಸ್ ಸಗ್ಡೆನ್ ಕಾಣೆಯಾಗಿದ್ದ, ಅವನ ವ್ಯಾನೂ ಕಾಣೆಯಾಗಿತ್ತು. ಜೇನು ಸಾಕುವ ಈ ಬ್ರಹ್ಮಚಾರಿಗೂ ಟಿಲ್ಡಾಗೂ ನಡುವಿನ ಬೇಲಿಗಿಡದ ಎತ್ತರದ ವಿಷಯದಲ್ಲಿ ವರ್ಷಗಳಿಂದ ಜಗಳ. ಚರ್ಚಿನಲ್ಲೂ ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಮುದುಕೀನ ಏನೋ ಮಾಡಿ ವ್ಯಾನಲ್ಲಿ ಹಾಕ್ಕೊಂಡು ಹೋಗಿದಾನೆ," ಎಂದ ಡೆಂಟ್. "ಪಟ್ಟಣದ ಠಾಣೆಗೆ ತಿಳಿಸ್ತೀನಿ. ಸಿಕ್ಕಿದ ತಕ್ಷಣ ಕೋಳ ಹಾಕ್ತಾರೆ."

"ಸ್ವಲ್ಪ ತಡಿ ಮಾರಾಯ. ಕೋಳ ಎಲ್ಲಿಗೂ ಓಡಿಹೋಗಲ್ಲ," ಎಂದು ಮೆಟ್ಕಾಫ್ ಒಳಗೆ ಹೋದರು.

ಅವರು ಹೆಚ್ಚೇನೂ ಮಾಡಲಿಲ್ಲ. ಹಾಸಿಗೆಯ ಕೆಳಗೆ ಕೈಯಿಟ್ಟು ನೋಡಿದರು, ಬಟ್ಟೆ ತಣ್ಣಗೆ, ತೇವ ತೇವವಾಗಿತ್ತು. ಬಿಸಿನೀರಿನ ರಬ್ಬರ್ ಚೀಲ ತೆಗೆದರೆ ಅದರ ಎರಡು ಮೈ ಒಂದಕ್ಕೊಂದು ಅಂಟಿಕೊಂಡಿದ್ದವು. ಟೀ ಪುಡಿಯ ಡಬ್ಬಿ ಮೂಸಿ ಹೆಸ್ಟರಳ ಕೈಗೆ ಕೊಟ್ಟರು, ಅವಳಿಗೂ ಯಾವ ವಾಸನೆಯೂ ಬರಲಿಲ್ಲ. ಕಪಾಟು, ಕಿಟಕಿಯ ಹಲಗೆ, ಮಂಚದ ಪಕ್ಕದ ಮೇಜು ಎಲ್ಲ ಹುಡುಕಿ, "ಡಾಕ್ಟರಮ್ಮ, ಈಕೆಗೆ ನೀವು ಔಷಧಿ ಕೊಡ್ತಿದ್ರಾ?" ಎಂದು ಕೇಳಿದರು.

"ಎದೆಗೆ ಒಂದು, ಮಂಡಿಗೆ ಒಂದು. ತಿಂಗಳಿಗೊಂದ್ಸಲ ಗುರುವಾರ ತಾನೇ ಬಂದು ತಗೊಂಡು ಹೋಗ್ತಾಳೆ."

"ಇಲ್ಲಿ ಒಂದು ಬಾಟಲಿಯೂ ಇಲ್ಲ."

ಹಿತ್ತಿಲಲ್ಲಿ ಹಗ್ಗದ ಮೇಲೆ ಒಂದು ನೀಲಿ ನೈಟಿ ಗಾಳಿಗೆ ಆಡುತ್ತಿತ್ತು. ಅದನ್ನು ಕಂಡು ಹೆಸ್ಟರಳಿಗೆ ಎಲ್ಲಕ್ಕಿಂತ ಹೆಚ್ಚು ಕಸಿವಿಸಿಯಾಯಿತು. ಕೆಲ್ಡರ್‌ಬಿಯಲ್ಲಿ ಬಟ್ಟೆ ಒಗೆಯುವುದು ಸೋಮವಾರ. ಮಳೆ ಬರಲಿ, ಮನೆಯಲ್ಲಿ ಮದುವೆಯಿರಲಿ, ಸೋಮವಾರವೇ. ಬುಧವಾರ ಹಗ್ಗಕ್ಕೆ ಬಟ್ಟೆ ಹಾಕಿದ ಹೆಂಗಸಿನ ಬಗ್ಗೆ ಭಾನುವಾರದವರೆಗೂ ಊರು ಆಡಿಕೊಳ್ಳುತ್ತಿತ್ತು. ಅದು ಸಾಲದೆಂಬಂತೆ ನೈಟಿಯನ್ನು ಭುಜಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟಿದ್ದರು. ಅಂಚು ಹಿಡಿದು ತಲೆಕೆಳಗಾಗಿ ಹಾಕಬೇಕೆಂದು ಇಲ್ಲಿನ ಏಳು ವರ್ಷದ ಹುಡುಗಿಗೂ ಗೊತ್ತು.

"ಟಿಲ್ಡಾ ಇಂಥ ಕೆಲಸ ಮಾಡೋಳಲ್ಲ ಸಾಹೇಬ್ರೆ," ಎಂದಳು ಹೆಸ್ಟರ್. "ನೋಡಿ, ಮುಂಭಾಗವೆಲ್ಲ ಬಿಸಿಲಿಗೆ ಬೆಳ್ಳಗಾಗಿದೆ, ಹಿಂಭಾಗ ಕಡುನೀಲಿ. ಸೋಪಿನ ವಾಸನೆಯೂ ಇಲ್ಲ."

ಮೆಟ್ಕಾಫ್ ಅವಳನ್ನು ಮೆಚ್ಚುಗೆಯಿಂದ ನೋಡಿ, ಬೇಲಿಯ ಕಡೆ ನಡೆದರು. ಆ ಜಗಳದ ಬೇಲಿಯ ಮೂಲೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿಯಿತ್ತು. ಕಿಂಡಿಯ ಎರಡೂ ಕಡೆ ಹುಲ್ಲು ಸವೆದು ಕಾಲುದಾರಿಯಾಗಿತ್ತು.

"ಕೊನೆಯದೊಂದು ಪ್ರಶ್ನೆ ಡಾಕ್ಟರಮ್ಮ. ಗುರುವಾರ ಬಂದಾಗ ಟಿಲ್ಡಾ ಬರಿಗೈಯಲ್ಲಿ ಬರ್ತಿದ್ಲಾ?"

"ಅವಳೆಲ್ಲಿ ಬರಿಗೈಯಲ್ಲಿ ಬರ್ತಾಳೆ. ಹೊಗೆಯಲ್ಲಿ ಒಣಗಿಸಿದ ಮೀನು ತರ್ತಾಳೆ. ಪೇಪರಿಂದ ಎಣ್ಣೆ ಇಳೀತಿರುತ್ತೆ, ಅಷ್ಟು ಹೊಸದು."

ಹೆಸ್ಟರ್ ತಟ್ಟನೆ ತಲೆಯೆತ್ತಿದಳು. ಊರಿಗೆ ಮೀನಿನ ಗಾಡಿ ಬರುವುದು ಶುಕ್ರವಾರ, ಅದರಲ್ಲಿ ಹಸಿ ಮೀನಲ್ಲದೆ ಬೇರೇನೂ ಇರುವುದಿಲ್ಲ. ಸಮುದ್ರದ ಕಡೆ ಟಿಲ್ಡಾಗೆ ಯಾರಾದರೂ ಇದ್ದಾರೆಯೇ ಎಂದು ಮೆಟ್ಕಾಫ್ ಕೇಳುವ ಮೊದಲೇ ಅವಳು, ಟಿಲ್ಡಾಳ ಅಣ್ಣನ ಮಗಳು ಐವಿಯನ್ನು ಸ್ಯಾಂಡ್ಸ್‌ವಿಕ್‌ನ ಸೈಕಲ್ ಅಂಗಡಿಯವನಿಗೆ ಕೊಟ್ಟಿದ್ದಾರೆ ಎಂದಳು.

"ಹಾಗಾದ್ರೆ ಟಿಲ್ಡಾ ಇರೋದು ಅಲ್ಲಿ," ಎಂದರು ಮೆಟ್ಕಾಫ್. "ಇವತ್ತಲ್ಲ, ತುಂಬ ದಿನದಿಂದ. ಡಾಕ್ಟರಮ್ಮ, ವಿವರ ಆಮೇಲೆ ಹೇಳ್ತೀನಿ. ಈಗ ಸ್ಯಾಂಡ್ಸ್‌ವಿಕ್ ಡಾಕ್ಟರಿಗೆ ಫೋನ್ ಮಾಡಿ, ಸೈಕಲ್ ಅಂಗಡಿಗೆ ಓಡೋಕೆ ಹೇಳಿ. ಅವಳಿಗೆ ನಿಜವಾಗ್ಲೂ ಉಸಿರು ಸಿಗ್ತಿಲ್ಲ."

ಡಾಕ್ಟರಮ್ಮ ಫೋನಿನತ್ತ ಓಡಿದರು. ಮಾತಾಡಿ ಮುಗಿಸಿದವರೇ ಕಾರು ಹತ್ತಿದರು, ಮೆಟ್ಕಾಫ್ ಪಕ್ಕದಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ಹೆಸ್ಟರ್ ಆಗಲೇ ಕೂತಿದ್ದಳು.

ಸ್ಯಾಂಡ್ಸ್‌ವಿಕ್ಕಿಗೆ ಮರವೇ ಇಲ್ಲದ ಬೆಟ್ಟದ ಬಯಲು ದಾಟಿ ಹೋಗಬೇಕು. ಆ ರಸ್ತೆಗೆ ಡಾಕ್ಟರಮ್ಮ ಕಾಲಿಟ್ಟು ವರ್ಷಗಳಾಗಿದ್ದವು. ಒಂದು ಕಾಲದಲ್ಲಿ ಬಯಲಿನಾಚೆಯ ಮನೆಗಳಿಗೂ ಅವರೇ ಡಾಕ್ಟರು. ಒಂದು ಚಳಿಗಾಲ ಹಿಮದಲ್ಲಿ ಕಾರು ಸಿಕ್ಕಿಕೊಂಡು, ಆಚೆ ಕಡೆ ಹೆರಿಗೆಯ ಹೆಂಗಸೊಬ್ಬಳು ಅವರ ದಾರಿ ಕಾಯುತ್ತಲೇ ತೀರಿಕೊಂಡಿದ್ದಳು. ಆಮೇಲೆ ಅವರು ಬಯಲಿನಾಚೆಯ ಎಲ್ಲರನ್ನೂ ತಮ್ಮ ಪಟ್ಟಿಯಿಂದ ತೆಗೆದು, ಹತ್ತಿರದ ಡಾಕ್ಟರ ಬಳಿ ಹೆಸರು ಬರೆಸಿಕೊಳ್ಳಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಜನ ಅತ್ತರು, ಬೈದರು, ಜಾಮಿನ ಬಾಟಲಿ ತಂದು ಮನೆಬಾಗಿಲಲ್ಲಿ ಇಟ್ಟರು. ಅವರು ಸೊಪ್ಪು ಹಾಕಲಿಲ್ಲ.

ಬಯಲಿನ ನಡುವೆ ಏಮೋಸನ ವ್ಯಾನು ಬಾನೆಟ್ಟು ತೆರೆದುಕೊಂಡು ಹೊಗೆಯಾಡುತ್ತಾ ನಿಂತಿತ್ತು. ಏಮೋಸ್ ರಸ್ತೆಯ ಮಧ್ಯದಲ್ಲಿ ನಿಂತು ಎರಡೂ ಕೈ ಬೀಸಿದ. ಕಾರಿನಲ್ಲಿ ಯಾರಿದ್ದಾರೆಂದು ಕಂಡಾಗ ಅವನ ಕೈ ಕೆಳಗಿಳಿಯಿತು. ವ್ಯಾನಿನ ಹಿಂಭಾಗದಲ್ಲಿ ಹಾಸಿಗೆ, ದಿಂಬು, ಎರಡು ಕಂಬಳಿ. ಅವನು ಬಂದು ಹೆಸ್ಟರಳ ಪಕ್ಕದಲ್ಲಿ ಕೂತು, ಟೋಪಿಯನ್ನು ಹಿಂಡುತ್ತಾ ಸ್ಯಾಂಡ್ಸ್‌ವಿಕ್ ಮುಟ್ಟುವವರೆಗೂ ಅತ್ತ.

ಸೈಕಲ್ ಅಂಗಡಿಯ ಮಹಡಿಯಲ್ಲಿ ಟಿಲ್ಡಾ ದಿಂಬಿಗೊರಗಿ ಕೂತಿದ್ದಳು. ಮೂಗಿಗೆ ಆಕ್ಸಿಜನ್, ತುಟಿಯ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಬೀದಿಯ ತಿರುವಿನಲ್ಲೇ ಇದ್ದ ಅಲ್ಲಿನ ತರುಣ ಡಾಕ್ಟರು ಓಡಿಬಂದು ಇಂಜೆಕ್ಷನ್ ಕೊಟ್ಟಿದ್ದರು. ನ್ಯುಮೋನಿಯಾ, ಇನ್ನೊಂದು ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ತನ್ನ ಜೀವ ಉಳಿಸಿದ ಆ ಹುಡುಗನ ಹೆಗಲಾಚೆ ನೋಡಿ ಟಿಲ್ಡಾ, "ಬಂದ್ಯಾ ತಾಯಿ," ಎಂದಳು ಡಾಕ್ಟರಮ್ಮನಿಗೆ. ಡಾಕ್ಟರಮ್ಮ ಅವಳ ಕೈ ಹಿಡಿದು ಕೂತರು. ಹೆಸ್ಟರ್ ಕಿಟಕಿಯ ಕಡೆ ತಿರುಗಿ ನಿಂತಳು.

ಟಿಲ್ಡಾ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಒಂದು ಭಾನುವಾರ ಎಲ್ಲರೂ ಕೆಲ್ಡರ್‌ಬಿಯ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ ಸೇರಿದರು. ಹೆಸ್ಟರ್ ಟೀ ಮಾಡಿದಳು. ಇನ್ನೂ ಸಿಟ್ಟಿನಲ್ಲಿದ್ದ ಡೆಂಟ್, ಇದೆಲ್ಲ ಹೇಗೆ ಗೊತ್ತಾಯಿತೆಂದು ಮೆಟ್ಕಾಫರನ್ನು ಕೇಳಿದ.

"ನಿನಗೂ ಕಂಡದ್ದೇ ನನಗೂ ಕಂಡಿದ್ದು," ಎಂದರು ಮೆಟ್ಕಾಫ್. "ಉಸಿರು ಸಿಗದವರ ಮನೆಯವರು ಈಗಲೇ ಬನ್ನಿ ಅಂತಾರೆ, ಮಧ್ಯಾಹ್ನ ಬನ್ನಿ ಅನ್ನಲ್ಲ. ಅಂದ್ರೆ ಮಧ್ಯಾಹ್ನದೊಳಗೆ ಆಗಬೇಕಾದ ಕೆಲಸ ಏನೋ ಇತ್ತು. ಒಳಗೆ ಹೋದ್ರೆ ಹಾಸಿಗೆಯಲ್ಲಿ ತೇವ, ಟೀ ಪುಡಿಯಲ್ಲಿ ಪರಿಮಳವಿಲ್ಲ, ಬಿಸಿನೀರಿನ ಚೀಲ ಅಂಟಿಹೋಗಿದೆ. ಯಾರೂ ವಾಸವಿಲ್ಲದ ಮನೆ. ಆದ್ರೆ ಒಲೆಯಲ್ಲಿ ಕೆಂಡ ಇದೆ, ಬಾಗಿಲಲ್ಲಿ ಹಾಲಿನ ಬಾಟಲಿ ಇದೆ. ಇದ್ದಾರೆ ಅಂತ ತೋರಿಸೋಕೆ ಯಾರೋ ದಿನಾ ಬರ್ತಿದ್ರು. ಯಾರು ಅಂತ ಆ ನೈಟಿ ಹೇಳ್ತು. ಸೋಪು ಕಾಣದ ಅದೊಂದೇ ನೈಟಿ ತಿಂಗಳುಗಟ್ಟಲೆ ಬಿಸಿಲಿಗೆ ನೇತಾಡಿದೆ. ಒಗೆಯೋ ವಾರ ಗೊತ್ತಿಲ್ಲ, ನೇತುಹಾಕೋ ರೀತಿ ಗೊತ್ತಿಲ್ಲ. ಹೆಂಗಸರಿಲ್ಲದ ಮನೆಯ ಗಂಡಸು. ಬೇಲಿಯ ಕಿಂಡಿ ಅವನ ಮನೆ ಬಾಗಿಲಿಗೇ ಕರ್ಕೊಂಡು ಹೋಗ್ತಿತ್ತು."

ಏಮೋಸನ ಕಿವಿ ಕೆಂಪಾಯಿತು.

"ಅವನೇ ಏನೋ ಮಾಡಿರಬಹುದಿತ್ತಲ್ಲ," ಡೆಂಟ್ ಸೋಲಲು ಒಪ್ಪಲಿಲ್ಲ.

"ಅವಳ ಔಷಧಿಯನ್ನೂ ಕದ್ದುಕೊಂಡು ಹೋದ್ನಾ? ತಿಂಗಳು ತಿಂಗಳು ಔಷಧಿ ತಗೊಂಡವಳ ಮನೇಲಿ ಒಂದು ಖಾಲಿ ಬಾಟಲಿಯೂ ಇಲ್ಲ ಅಂದ್ರೆ ಅವಳು ಕುಡಿಯೋದು ಬೇರೆ ಮನೆಯಲ್ಲಿ. ಯಾವ ಕಡೆ ಅಂತ ಮೀನು ತೋರಿಸ್ತು, ಯಾರ ಮನೆ ಅಂತ ಹೆಸ್ಟರ್ ಹೇಳಿದ್ಲು. ಹೀಗೆಲ್ಲ ನಾಟಕ ಯಾಕೆ ಆಡಬೇಕು? ಈ ಊರಲ್ಲಿ ಇದ್ರೆ ಮಾತ್ರ ಸಿಗೋದು, ಆಚೆ ಹೋದ್ರೆ ಕಳೆದುಹೋಗೋದು ಒಂದೇ ಒಂದು." ಅವರು ಡಾಕ್ಟರಮ್ಮನ ಕಡೆ ನೋಡಿದರು. "ಇವರು."

ಉಳಿದದ್ದನ್ನು ಐವಿ ತಗ್ಗಿದ ದನಿಯಲ್ಲಿ ಹೇಳಿದಳು. ಮಂಡಿ ಸೋತ ಮೇಲೆ ಅತ್ತೆಯನ್ನು ಹಿಂದಿನ ಬೇಸಿಗೆಯಲ್ಲೇ ಕರೆದುಕೊಂಡು ಹೋಗಿದ್ದಳು. ತಿಂಗಳಿಗೊಂದು ಗುರುವಾರ ಅತ್ತೆ ಬಸ್ಸಿನಲ್ಲಿ ಬಂದು, ಊರಿಗೆ ಮುಖ ತೋರಿಸಿ, ಔಷಧಿ ತೆಗೆದುಕೊಂಡು ಹೋಗುತ್ತಿದ್ದಳು. ಮನೆಗೆ ಜೀವ ಬರಿಸುವ ಕೆಲಸ ಏಮೋಸ್ ವಹಿಸಿಕೊಂಡಿದ್ದ. ಕಾಯಿಲೆ ಬಿದ್ದರೆ ಅವನು ವ್ಯಾನಿನಲ್ಲಿ ಕರೆತಂದು ಹಳೆಯ ಮಂಚದಲ್ಲಿ ಮಲಗಿಸಬೇಕು, ಆಮೇಲೆ ಡಾಕ್ಟರಮ್ಮ ಬರಬೇಕು ಎಂದು ಮಾತಾಗಿತ್ತು. ಬೀದಿಯ ಬೂತಿನಿಂದ ಅವಳು ಮೊದಲು ಏಮೋಸನಿಗೆ, ಆಮೇಲೆ ಕ್ಲಿನಿಕ್ಕಿಗೆ ಫೋನ್ ಮಾಡಿದ್ದಳು. ತಿರುವಿನಲ್ಲೇ ಇದ್ದ ಡಾಕ್ಟರನ್ನು ಕರೆಯಲು ಅತ್ತೆ ಬಿಟ್ಟಿರಲಿಲ್ಲ.

"ಹೊಸಬರ ಹತ್ರ ನನ್ನ ಕತೆ ಮೊದಲಿಂದ ಹೇಳ್ಬೇಕು ತಾಯಿ," ಎಂದಳು ಟಿಲ್ಡಾ. "ನನ್ನ ಗಂಡ ಹೋದ ದಿನ ನೀನು ಪಕ್ಕದಲ್ಲಿದ್ದೆ. ಅದನ್ನ ಆ ಹುಡುಗನಿಗೆ ಹೇಗೆ ಹೇಳ್ಲಿ?"

ಡಾಕ್ಟರಮ್ಮ ಕಪ್ಪನ್ನು ಕೆಳಗಿಟ್ಟರು. ಅವರ ಮನಸ್ಸು ಎತ್ತ ವಾಲುತ್ತದೋ ಹೆಸ್ಟರಳಿಗೂ ತಿಳಿಯಲಿಲ್ಲ.

"ನೀನು ಖಾಲಿ ಮಂಚಕ್ಕೆ ನನ್ನ ಕರೆಸಿದೆ ಟಿಲ್ಡಾ," ಎಂದರು. "ನಾನು ಇಲ್ಲಿ ನಿಂತಿದ್ದೆ, ನೀನು ಅಲ್ಲಿ ಸಾಯ್ತಿದ್ದೆ. ಇನ್ನೊಂದ್ಸಲ ಅದನ್ನ ತಡೆಯೋ ಶಕ್ತಿ ನನಗಿಲ್ಲ. ನಾಳೆ ಆ ಹುಡುಗನ ಹತ್ರ ಹೆಸರು ಬರೆಸು. ನಿನ್ನ ಕತೆ ನಾನೇ ಹೋಗಿ ಅವನಿಗೆ ಹೇಳ್ತೀನಿ, ಮೊದಲಿಂದ."

ಟಿಲ್ಡಾ ಅತ್ತಳು, ಆದರೆ ಇಲ್ಲವೆನ್ನಲಿಲ್ಲ. ಡಾಕ್ಟರಮ್ಮ ಮಾತಿಗೆ ತಪ್ಪಲಿಲ್ಲ, ಮಾರನೆಯ ವಾರವೇ ಬಯಲು ದಾಟಿ ಹೋಗಿ ಒಂದು ಮಧ್ಯಾಹ್ನವೆಲ್ಲ ಆ ತರುಣನ ಎದುರು ಕೂತು ಬಂದರು.

ಟಿಲ್ಡಾ ಗುರುವಾರ ಬರುವುದನ್ನು ಬಿಡಲಿಲ್ಲ. ಮೀನಿನ ಪೊಟ್ಟಣ ಹಿಡಿದು ಬಸ್ಸಿಳಿದು ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದಳು. ನೀವು ನಮ್ಮ ಪಟ್ಟಿಯಲ್ಲಿಲ್ಲವಲ್ಲ ಎಂದು ಯಾರಾದರೂ ಹೇಳಿದರೆ, "ನಾನು ತೋರಿಸ್ಕೊಳ್ಳೋಕೆ ಬಂದಿಲ್ಲ, ಡಾಕ್ಟರಮ್ಮ ಹೇಗಿದ್ದಾಳೆ ನೋಡೋಕೆ ಬಂದೆ," ಎನ್ನುತ್ತಿದ್ದಳು. ಆಮೇಲೆ ಏಮೋಸನ ಮನೆಯಲ್ಲಿ ಟೀ ಕುಡಿದು ಹೋಗುತ್ತಿದ್ದಳು. ಬೇಲಿಯ ಬಗ್ಗೆ ಜಗಳ ಮುಂದುವರಿದೇ ಇತ್ತು.

ಆ ಕಾಲವೆಲ್ಲ ಈಗ ಹೋಯಿತು. ಡಾಕ್ಟರಮ್ಮ ಹೋದರು, ಮೆಟ್ಕಾಫ್ ಹೋದರು, ಕೆಲ್ಡರ್‌ಬಿಯಲ್ಲಿ ಕ್ಲಿನಿಕ್ಕೇ ಉಳಿಯಲಿಲ್ಲ. ಟಿಲ್ಡಾ ಅವರೆಲ್ಲರಿಗಿಂತ ಮೊದಲು ಹೋಗಿದ್ದಳು, ಸ್ಯಾಂಡ್ಸ್‌ವಿಕ್‌ನಲ್ಲಿ, ತರುಣ ಡಾಕ್ಟರು ಪಕ್ಕದಲ್ಲಿದ್ದಾಗಲೇ. ಅವಳ ಮಣ್ಣು ಮುಗಿದ ಮರುವಾರ ಹೆಸ್ಟರ್ ಆ ಹಿತ್ತಿಲ ಕಡೆ ಹೋಗಿದ್ದಳು. ಹಗ್ಗದ ಮೇಲೆ ನೀಲಿ ನೈಟಿ ಆಡುತ್ತಿತ್ತು. ಅವತ್ತು ಸೋಮವಾರ. ಏಮೋಸ್ ಅದನ್ನು ಸೋಪು ಹಾಕಿ ಒಗೆದು, ಅಂಚಿಗೆ ಕ್ಲಿಪ್ಪು ಹಾಕಿ, ತಲೆಕೆಳಗಾಗಿ ನೇತುಹಾಕಿದ್ದ.