ಹರಳಿನೊಳಗಿನ ಹೆಬ್ಬೆರಳು

ದೆವ್ವಕ್ಕೆ ಕತ್ತಲೆಯೇ ಬೇಕು ಅನ್ನುವವರಿಗೆ ಹೇಳುತ್ತೇನೆ, ನಾನು ಬೆಚ್ಚಿಬಿದ್ದದ್ದು ಹಾಡಹಗಲಲ್ಲಿ.

ನಮ್ಮ ಲ್ಯಾಬಿನಲ್ಲಿ ಕಲ್ಲು ಕೊಯ್ಯುವ ಕೆಲಸ ಅಕ್ಕನದು. ಒಡಹುಟ್ಟಿದವಳಲ್ಲ, ಎಲ್ಲರಿಗೂ ಅಕ್ಕ. ನೆಲದಾಳದ ಕಲ್ಲಿನ ಹರಳುಗಳಲ್ಲಿ ಕೋಟ್ಯಂತರ ವರ್ಷಗಳಿಂದ ಸಿಕ್ಕಿಬಿದ್ದ ಎಣ್ಣೆಯ ಹನಿಗಳನ್ನು ನಾನು ಮೈಕ್ರೋಸ್ಕೋಪಿನಲ್ಲಿ ಹುಡುಕುತ್ತೇನೆ. ಎಣ್ಣೆ ಹರಿದ ದಾರಿಯನ್ನು ಅವು ಹೇಳುತ್ತವೆ. ನೇರಳೆ ಬೆಳಕಿಗೆ ಹೊಳೆಯುತ್ತವೆ. ಕೈಜಿಡ್ಡೂ ಹಾಗೇ ಹೊಳೆಯುತ್ತದೆ.

ಅಂದು ಅಕ್ಕ ಕೊಯ್ದುಕೊಟ್ಟ ಕಲ್ಲಿನ ಚೂರಿನಲ್ಲಿ ಹೊಳೆದದ್ದು ಹೆಬ್ಬೆರಳಿನ ಗುರುತು, ನಡುವೆ ಓರೆಯಾಗಿ ಒಂದು ಗಾಯದ ಗೆರೆ.

“ಅಕ್ಕಾ, ಕೈ ಒರೆಸಿಕೊಂಡು ಮುಟ್ಟಬಾರದಾ?” ಎಂದೆ.

ಸ್ಪಿರಿಟ್ಟಿನಲ್ಲಿ ಒರೆಸಿದರೂ ಹೋಗಲಿಲ್ಲ. ಫೋಕಸ್ ತಿರುಗಿಸಿದೆ. ಮೇಲಿನ ಧೂಳು ಮಸುಕಾಯಿತು, ಗುರುತು ಸ್ಪಷ್ಟವಾಯಿತು. ಅದು ಹರಳಿನ ಒಳಗಿತ್ತು. ಎಣ್ಣೆಯ ಹನಿಗಳೇ ಸಾಲುಗಟ್ಟಿ ಬೆರಳಿನ ಗೆರೆಗಳಾಗಿದ್ದವು.

ಅಕ್ಕನನ್ನು ಕರೆದು ತೋರಿಸಿದೆ. ಅವಳೂ ಕಣ್ಣಿಟ್ಟು ನೋಡಿ, ತನ್ನ ಎರಡೂ ಹೆಬ್ಬೆರಳು ತೋರಿಸಿದಳು. ಗಾಯವಿರಲಿಲ್ಲ.

“ನಂದಲ್ಲಮ್ಮ, ನನ್ನ ತಲೆಗೆ ಕಟ್ಟಬೇಡ,” ಎಂದು ನಕ್ಕು, ಅದೇ ಕಲ್ಲಿನ ಇನ್ನೊಂದು ಚೂರು ಕೊಯ್ಯಲು ಹೋದಳು.

ಕೊಯ್ದು ಮುಗಿಯುವಷ್ಟರಲ್ಲಿ ಗರಗಸದ ಸದ್ದನ್ನೂ ಮೀರಿ ಅವಳ ಚೀರಾಟ ಕೇಳಿಸಿತು.

ಹೊಲಿಗೆ ಬಿಚ್ಚಿದ ದಿನ ಅಕ್ಕ ಹೆಬ್ಬೆರಳು ಚಾಚಿದಳು. ಅದೇ ಓರೆ ಗೆರೆ.

ಇನ್ನೊಂದು ಚೂರಿನಲ್ಲೂ ಒಂದು ಗುರುತಿದೆ. ಅದು ಅಕ್ಕನದಲ್ಲ. ನನ್ನ ಬೆರಳಿಗೆ ಹೋಲಿಸಿ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ.