ಮಾಲನಬಿಯ ಮಧ್ಯಾಹ್ನದೂಟ

ಮಧ್ಯಾಹ್ನ ಒಂದು ಗಂಟೆಗೆ ರಾಜೇಬಿಯ ಎಡತೋಳಿನ ಚರ್ಮದಡಿ ಏನೋ ಮಿಡಿಯಿತು. ಗಾದಿ ಹೊಲಿಯುತ್ತಿದ್ದ ಸೂಜಿಯನ್ನು ಬಿಟ್ಟು ಅವಳು ಮಣಿಕಟ್ಟಿನ ಪಟ್ಟಿ ನೋಡಿದಳು. ರಕ್ತದ ಸಕ್ಕರೆ ಎಪ್ಪತ್ತೆರಡಕ್ಕೆ ಇಳಿದಿತ್ತು. ಕಾಲು ಗಂಟೆಯಲ್ಲಿ ಅದು ತೊಂಬತ್ತಕ್ಕೆ ಏರಿ ನಿಂತಿತು. ತಲೆ ತಿರುಗಲಿಲ್ಲ, ಬೆವರು ಒಡೆಯಲಿಲ್ಲ. ಹನ್ನೊಂದು ವರ್ಷಗಳ ಮೇಲೆ ಅವಳು ಹಿಡಿದ ಮೊದಲ ರೋಜಾ ಇದು, ರಮಜಾನಿನ ಮೊದಲ ದಿನದ ಉಪವಾಸ.

೨೦೪೨ರ ಆ ರಮಜಾನಿನ ಹೊತ್ತಿಗೆ ಬೆಟಗೇರಿಯ ಪಿಂಜಾರ ಓಣಿಯಲ್ಲಿ ಸಕ್ಕರೆ ಕಾಯಿಲೆಯವರು ಬಹುತೇಕ ಎಲ್ಲರೂ ‘ಸಕ್ಕರೆಗಾವಲು’ ಹಾಕಿಸಿಕೊಂಡಿದ್ದರು. ತೋಳಿನ ಚರ್ಮದಡಿ ಕೂರಿಸುವ, ಅಕ್ಕಿಕಾಳಿನಷ್ಟು ಚಿಕ್ಕ ಗೂಡು. ಅದರೊಳಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳು. ಸಕ್ಕರೆ ಏರಿದರೆ ಅವು ಇನ್ಸುಲಿನ್ ಸ್ರವಿಸುತ್ತವೆ. ಇಳಿದರೆ ಅದನ್ನು ನಿಲ್ಲಿಸಿ, ಯಕೃತ್ತು ಕೂಡಿಟ್ಟುಕೊಂಡ ಸಕ್ಕರೆಯನ್ನು ಹೊರಬಿಡುವಂತೆ ಪ್ರಚೋದಿಸುತ್ತವೆ. ಅದನ್ನು ರೂಪಿಸಿದ ಡಾ. ಇರ್ಫಾನಾ ಮನಿಯಾರ ಅದೇ ಊರಿನ ಮಗಳು. ಅವರ ತಂದೆ ವೈದ್ಯರ ಮಾತು ಕೇಳದೆ ರೋಜಾ ಹಿಡಿದು, ಒಂದು ಸಂಜೆ ಮಸೀದಿಯ ಅಂಗಳದಲ್ಲೇ ಕುಸಿದು ತೀರಿಕೊಂಡಿದ್ದರು.

ಹಾಕಿಸಿಕೊಳ್ಳುವ ದಿನ ರಾಜೇಬಿ ಅಳುಕುತ್ತ ಕೇಳಿದ್ದಳು: “ಇದು ಸಕ್ಕರಿ ಬಿಟ್ರ ರೋಜಾ ಮುರಿಯೂದಿಲ್ಲೇನ್ರೀ ಡಾಕ್ಟರಮ್ಮ?”

“ಹೊರಗಿಂದ ಏನೂ ಒಳಗ ಹೋಗೂದಿಲ್ಲ ಖಾಲಾ. ನಿಮ್ಮ ಮೈಯಾಗಿನ ಸಕ್ಕರಿನ ಅದು. ಮೌಲವಿಗಳನ್ನ ಕೇಳೇ ಮಾಡೀವಿ.”

“ಹಂಗಾರ ನಾ ಇನ್ನ ಬ್ಯಾನಿಯಾಕಿ ಅಲ್ಲ?”

“ಅಲ್ಲ. ಎಲ್ಲಾರ್ಹಂಗ ನೀವೂ.”

ರಾಜೇಬಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ವಾಸಿಯಾಗದ ಕಾಯಿಲೆಯಿಂದ ರೋಜಾ ಹಿಡಿಯಲಾಗದವರು ಅದಕ್ಕೆ ಬದಲಾಗಿ ದಿನಕ್ಕೊಬ್ಬ ಬಡವರಿಗೆ ಉಣ್ಣಿಸಬೇಕು. ಅದಕ್ಕೆ ಫಿದಿಯಾ ಎನ್ನುತ್ತಾರೆ. ಹನ್ನೊಂದು ರಮಜಾನುಗಳಲ್ಲೂ ರಾಜೇಬಿ ಉಣ್ಣಿಸಿದ್ದು ಮಾಲನಬಿಗೆ. ಅರಳೆ ಗಿರಣಿಯ ಹಿಂದೆ ತಗಡಿನ ಗುಡಿಸಲಲ್ಲಿ ಒಂಟಿಯಾಗಿದ್ದ ಮುದುಕಿ ಆಕೆ. ಅವಳಿಗೂ ಸಕ್ಕರೆ, ಕಾಲಿನ ಹುಣ್ಣು ಮಾಯದೆ ನಡೆಯುವುದು ನಿಂತಿತ್ತು. ಗುರುತಿನ ಚೀಟಿ ಇಲ್ಲದ್ದರಿಂದ ಸಕ್ಕರೆಗಾವಲು ಅವಳಿಗೆ ಸಿಕ್ಕಿರಲಿಲ್ಲ. ಮಸೀದಿಯಿಂದ ಮಧ್ಯಾಹ್ನದ ನಮಾಜಿನ ಬಾಂಗ್ ಕೇಳಿದೊಡನೆ ಅವಳು ಸರಕಾರಿ ದವಾಖಾನೆಯ ಗುಳಿಗೆ ನುಂಗಿ ಕಾಯುತ್ತಿದ್ದಳು. ರಾಜೇಬಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗುತ್ತಿದ್ದಳು. ಊರೆಲ್ಲ ಉಪವಾಸವಿರುವಾಗ ಇಬ್ಬರೂ ಬಾಗಿಲು ಮುಂದೆ ಮಾಡಿಕೊಂಡು, ಕದ್ದವರಂತೆ ಉಣ್ಣುತ್ತಿದ್ದರು.

ಇವತ್ತು ಅವಳ ನೆನಪು ಬರದೇ ಇರಲಿಲ್ಲ. ‘ಈಗ ನನಗ ಫಿದಿಯಾ ಇಲ್ಲ. ಸಂಜಿಗೆ ಇಫ್ತಾರಕ್ಕ ಒಯ್ದು ಕೊಟ್ರಾತು’ ಎಂದುಕೊಂಡು ರಾಜೇಬಿ ಮತ್ತೆ ಸೂಜಿ ಹಿಡಿದಿದ್ದಳು.

ಹೊತ್ತು ಇಳಿಯುವ ಮುಂಚೆ ಬುತ್ತಿ ಹಿಡಿದು ಹೋದಾಗ ಮಾಲನಬಿ ಗೋಡೆಗೊರಗಿ ಕುಳಿತಿದ್ದಳು. ಮುಂದೆ ತೊಳೆದಿಟ್ಟ ಎರಡು ತಾಟು. ಪಕ್ಕದಲ್ಲಿ ಗುಳಿಗೆಯ ಹರಿದ ಕಾಗದ. ಕೈ ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು.

ಮರುದಿನ ಮಾಲನಬಿಯ ಮಣ್ಣು ಮುಗಿದ ಮೇಲೆ ಡಾ. ಇರ್ಫಾನಾ ತಾವೇ ಓಣಿಗೆ ಬಂದರು.

“ಗುಳಿಗಿ ತಗೊಂಡು ಉಣಲಿಲ್ಲಂದ್ರ ಸಕ್ಕರಿ ಒಮ್ಮೆಲೇ ಇಳಿದು ಹೋಗ್ತೈತಿ ಖಾಲಾ. ನಿನ್ನೆ ಊರಾಗ ಹಿಂಗ ಮೂರು ಮಂದಿ ಬಿದ್ರು, ಉಳಿದಾವ ಒಬ್ಬನ. ಮೂವರೂ ಯಾರದೋ ಫಿದಿಯಾ ಊಟದ ದಾರಿ ಕಾದವರು. ನಾವು ಬ್ಯಾನಿಯವರನ್ನ ಎಣಿಸಿದ್ವಿ. ಅವರ ಬ್ಯಾನಿ ಮ್ಯಾಲೆ ಬದುಕಿದವರನ್ನ ಎಣಿಸಲಿಲ್ಲ.”

ರಾಜೇಬಿ ತೋಳು ಮುಂದೆ ಚಾಚಿದಳು. “ಇದನ್ನ ತಗದು ಬಿಡ್ರಿ.”

“ತಗ್ಯಾಕ ಬರೂದಿಲ್ಲ ಖಾಲಾ. ಮಾಂಸದಾಗ ಬೇರು ಬಿಟ್ಟೈತಿ.”

ಮೂರನೆಯ ದಿನ ರಾಜೇಬಿ ರೋಜಾದಲ್ಲೇ ಮಧ್ಯಾಹ್ನದ ಒಲೆ ಹಚ್ಚಿದಳು. ಆ ಮೂವರಲ್ಲಿ ಬದುಕುಳಿದವನು ಖಾಜೇಸಾಬ ಒಬ್ಬನೇ. ಅವನನ್ನು ಕರೆತಂದು ಪಡಸಾಲೆಯಲ್ಲಿ ಕೂರಿಸಿ ಬಡಿಸಿದಳು. ಮುದುಕ ತುತ್ತು ಬಾಯಿಗಿಟ್ಟು, “ಸಾರಿಗೆ ಉಪ್ಪ ಇಲ್ಲಲ್ಲವಾ” ಎಂದ. ಅವಳು ರುಚಿ ನೋಡಿರಲಿಲ್ಲ. ಉಪ್ಪಿನ ಡಬ್ಬಿ ತಂದಿಟ್ಟಳು.

“ನೀನೂ ಕುಂದ್ರು. ಒಬ್ಬವಗ ಉಣ್ಣಾಕ ಮನಸಾಗೂದಿಲ್ಲ. ನಿನಗೂ ಸಕ್ಕರಿ ಐತೆಲ್ಲ?”

“ಇಲ್ಲ ಕಾಕಾ, ನನಗೀಗ ಆರಾಮ ಆಗೇತಿ” ಎಂದು ಒಳಗೆ ಹೋದ ರಾಜೇಬಿ, ಅವನು ಉಂಡು ಏಳುವವರೆಗೂ ಹೊರಗೆ ಬರಲಿಲ್ಲ.