ಕಿಟಕಿಯಿದ್ದ ಒಂದೇ ಕೋಣೆ

ಉಂಗುರ ಸಿಕ್ಕಿದ್ದು ಚುನ್‌ಹ್ವಾಳ ದಿಂಬಿನ ಕೆಳಗೆ. ದಿಂಬು ಎತ್ತಿದವಳು ವಸತಿಯ ಒಡತಿ ಪ್ಯೊ.

"ಅರವತ್ತು ತುಂಬಿದಾಗ ಮಗ ಹಾಕಿದ ಚಿನ್ನ! ಕಿಮ್ಚಿಯ ಕೋಸಿಗೆ ಖಾರ ಹಚ್ಚೋಕೆ ಅಂತ ಅಡುಗೆಮನೇಲಿ ಬಿಚ್ಚಿಟ್ಟಿದ್ದೆ. ಅಷ್ಟರಲ್ಲೇ ಮಾಯ!"

"ನಾನು ಆಗ್ಲೇ ಹೇಳಲಿಲ್ವಾ ಅಮ್ಮಾ, ಮೊದ್ಲು ಇವಳ ಕೋಣೆ ನೋಡಿ ಅಂತ?" ಎಂದ ಎದುರು ಕೋಣೆಯ ಬಾಂಗ್.

ಕೊರಿಯಾದ ಸೋಲ್ ನಗರದ ಆ ಮಹಡಿಯನ್ನು ಹಲಗೆಗಳಿಂದ ಸೀಳಿ ಗೂಡುಗಳನ್ನಾಗಿ ಮಾಡಲಾಗಿತ್ತು. ಕೈ ಚಾಚಿದರೆ ಎರಡೂ ಗೋಡೆ ತಾಗುತ್ತಿದ್ದವು. ಕಿಟಕಿಯಿದ್ದದ್ದು ಒಂದೇ ಗೂಡಿಗೆ. ಅದು ಚೀನದ ಯೆನ್‌ಬಿಯನ್‌ನಿಂದ ವಲಸೆ ಬಂದ ಚುನ್‌ಹ್ವಾಳದು.

ಊಟದಂಗಡಿಯಲ್ಲಿ ಪಾತ್ರೆ ತೊಳೆಯುತ್ತಿದ್ದವಳನ್ನು ಕರೆಸಲಾಯಿತು. ಒದ್ದೆ ಕೈಯಲ್ಲೇ ಓಡಿಬಂದಳು.

"ಕೇಸಾದ್ರೆ ವೀಸಾ ಹೋಗತ್ತೆ ಸಾರ್. ಕೋಣೆಯೂ ಹೋಗತ್ತೆ. ಬೆಳಿಗ್ಗೆ ಕತ್ತಲಲ್ಲೇ ಕೆಲಸಕ್ಕೆ ಹೋದವಳು ನಾನು!"

ಒಡತಿಯ ದೂರಿನ ಮೇಲೆ ಬಂದಿದ್ದ ಇನ್ಸ್‌ಪೆಕ್ಟರ್ ಜೆಗಾಲ್ ಕೋಣೆಯೊಳಗೆ ಬಗ್ಗಿ ನೋಡಿದ. ಅವನ ಕಣ್ಣು ಹಾಸಿಗೆಯ ಮೇಲಿನ ಬಟ್ಟೆಯ ಅಟ್ಟಿಯ ಮೇಲಿತ್ತು.

"ಇದನ್ನ ಯಾವಾಗ ಮಡಿಸಿದೆ?"

"ನಾನಾ? ಕಿಟಕಿ ಹೊರಗೆ ಒಣಹಾಕಿ ಹೋಗಿದ್ದೆ."

ಮಧ್ಯಾಹ್ನ ಜಡಿಮಳೆ ಸುರಿದಿತ್ತು. ಅಟ್ಟಿಯ ಬಟ್ಟೆ ಮಾತ್ರ ಒಣಗಿ ಗರಿಗರಿಯಾಗಿತ್ತು.

"ನೀವು ಎತ್ತಿಟ್ರಾ ಅಮ್ಮಾ?"

"ನನಗೇನು ಹುಚ್ಚಾ? ಬಾಗಿಲು ತೆಗೆದೆ, ದಿಂಬು ಎತ್ತಿದೆ, ಕೂಗಿಕೊಂಡೆ."

\* \* \*

ಕೋಣೆಗಳ ಬದಲಿ ಕೀಲಿಗಳು ಅಡುಗೆಮನೆಯ ಮೊಳೆಗೇ ನೇತಾಡುತ್ತಿದ್ದವು. ಆ ಮಧ್ಯಾಹ್ನ ಮಹಡಿಯಲ್ಲಿದ್ದ ಬಾಡಿಗೆದಾರರು ಇಬ್ಬರೇ. ರಜೆಯಲ್ಲಿದ್ದ ನೇಪಾಳಿ ಕೂಲಿ ಡಂಬರ್; ಮಾಜಿ ಟ್ಯಾಕ್ಸಿ ಚಾಲಕ ಬಾಂಗ್.

"ಅಡುಗೆಮನೆಗೆ ಹೋಗಿದ್ದೆಯಾ?" ಜೆಗಾಲ್ ಡಂಬರನನ್ನು ಕೇಳಿದ.

"ಹೋಗಿದ್ದೆ, ಅನ್ನ ಬಡಿಸ್ಕೊಳ್ಳೋಕೆ," ಎಂದ ಡಂಬರ್.

"ನೋಡಿ, ನೋಡಿ!" ಬಾಂಗ್ ನಕ್ಕ. "ಹೊರಗಿನವರೆಲ್ಲ ಒಂದೇ ಬಳ್ಳಿ ಕಾಯಿ ಸಾರ್."

ಜೆಗಾಲ್ ಒಂದು ಅಂಗಿಯನ್ನು ಕೊಡವಿ ಡಂಬರನತ್ತ ಎಸೆದ. "ಮಡಿಸು."

ಡಂಬರ್ ಅದನ್ನು ಉಂಡೆ ಸುತ್ತಿ ಕೊಟ್ಟ. ಒಡತಿ ನಕ್ಕಳು.

"ಈಗ ನೀವು ಮಡಿಸಿ, ಅಣ್ಣ."

ಬಾಂಗ್ ಅಂಗಿ ಹಿಡಿದ. ತೋಳು ಹಿಂದಕ್ಕೆ, ಅಂಚಿಗೆ ಅಂಚು, ಅಂಗೈಯಿಂದ ಒಂದು ತೀಡು. ಇಟ್ಟಿಗೆಯಂಥ ಚೌಕ. ಅವನ ಕೈ ಅವನನ್ನು ಕೇಳಿ ಮಡಿಸಲಿಲ್ಲ.

ಜೆಗಾಲ್ ಅದನ್ನು ಹಾಸಿಗೆಯ ಮೇಲಿದ್ದ ಬಟ್ಟೆಯ ಅಟ್ಟಿಯ ಮೇಲಿಟ್ಟ. ಒಂದೂ ಅಂಚು ಆಚೆ ಚಾಚಲಿಲ್ಲ.

"ಬ್ಯಾರಕ್ಕಿನಲ್ಲಿ ಬೈಸಿಕೊಂಡು ಕಲಿತ ಮಡಿಕೆ," ಎಂದ ಜೆಗಾಲ್. "ಈ ಮಹಡೀಲಿ ನಮ್ಮ ಕಡ್ಡಾಯ ಸೈನ್ಯಸೇವೆಗೆ ಹೋಗಿ ಬಂದವರು ನಾವಿಬ್ಬರೇ ಅಣ್ಣ. ಮಳೆ ಬಂದಾಗ ನಾನು ಠಾಣೇಲಿದ್ದೆ. ಉಂಗುರ ಇಡೋಕೆ ಒಂದು ಗಳಿಗೆ ಸಾಕು. ನೀವು ಇಡೀ ಬಟ್ಟೆ ಮಡಿಸೋವಷ್ಟು ಹೊತ್ತು ಯಾಕೆ ಕೂತಿರಿ?"

ಬಾಂಗ್ ಕಿಟಕಿಯತ್ತ ತಿರುಗಿದ.

"ಕಿಟಕಿ ತೆರೆದಿತ್ತು," ಎಂದ ಬಾಂಗ್. "ಕೂತೆ. ಮಳೆ ಬಂತು. ನನ್ನ ಕೋಣೇಲಿ ಮಳೆ ಬಂದದ್ದೇ ತಿಳಿಯಲ್ಲ ಸಾರ್. ಎದುರಿಗೆ ಬಟ್ಟೆ ನೆನೆಯೋದ್ರಲ್ಲಿತ್ತು, ಕೈ ಸುಮ್ಮನಿರಲಿಲ್ಲ." ಒಡತಿಯತ್ತ ತಿರುಗಿದ. "ಈ ಕೋಣೆ ಖಾಲಿಯಾಗ್ಲಿ ಅಂತ ಎಷ್ಟು ಚಳಿಗಾಲ ಕಾದೆ! ನೀವು ನಿನ್ನೆ ಮೊನ್ನೆ ಬಂದವಳಿಗೆ ಕೊಟ್ರಿ."

"ಅವಳು ಮುಂಗಡ ಕೊಟ್ಟಳು, ನೀನು ಸಬೂಬು ಕೊಟ್ಟೆ," ಎಂದಳು ಪ್ಯೊ.

ಚುನ್‌ಹ್ವಾ ಅವನನ್ನೇ ನೋಡುತ್ತಿದ್ದಳು. "ಒಂದು ಮಾತು ಕೇಳಿದ್ರೆ ಭಾನುವಾರ ಬಂದು ಕೂತ್ಕೊಳ್ಳಿ ಅಂತಿದ್ದೆ, ಅಣ್ಣ."

ಬಾಂಗನ ಮುಖ ಕೆಂಡವಾಯಿತು.

"ನಮ್ಮೂರ ಮಳೆ ನೋಡೋಕೆ ನಾನು ನಿನ್ನ ಅಪ್ಪಣೆ ಕೇಳಬೇಕಿತ್ತಾ?"

ಜೆಗಾಲ್ ಅವನ ತೋಳು ಹಿಡಿದ. ಹೊರಡುವ ಮುನ್ನ ಬಾಂಗ್ ಒಮ್ಮೆ ಅವಳ ಹೆಗಲಾಚೆ ಇಣುಕಿದ. ಚುನ್‌ಹ್ವಾ ಸರಿದು ನಿಂತು ಕಿಟಕಿಗೆ ಅಡ್ಡವಾದಳು.